ಅತ್ತೆಯ ಕೊರಳಿನ ಟೇಪು

ನನ್ನ ಅತ್ತೆಗೆ ಇಬ್ಬರ ಮೇಲೆ ಮಾತ್ರ ಪೂರ್ತಿ ನಂಬಿಕೆಯಿತ್ತು. ಒಬ್ಬ ದೇವರು, ಇನ್ನೊಬ್ಬರು ಸ್ವತಃ ಅವರೇ. ಮೂರನೆಯವರಾಗಿ ಮಾವನನ್ನು ಸೇರಿಸಿಕೊಳ್ಳಬಹುದಿತ್ತು, ಆದರೆ ಮಾವ ಒಮ್ಮೆ ಒಬ್ಬರ ಕೋಟಿನ ಎರಡೂ ತೋಳುಗಳನ್ನು ಎಡಗೈಗೇ ಆಗುವಂತೆ ಕತ್ತರಿಸಿಬಿಟ್ಟಿದ್ದರು. ಅದು ನಾನು ಈ ಮನೆಗೆ ಸೊಸೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ಅತ್ತೆಯ ಬಾಯಲ್ಲಿ ಮಾತ್ರ ಅದು ನಿನ್ನೆ ಮೊನ್ನೆಯ ಮಾತು.

ನಮ್ಮದು ಹೊಲಿಗೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಂಥ ಮರದ ಮೆಟ್ಟಿಲು. ಬೀದಿಯ ಕಡೆಗೆ ಒಂದು ನಿಲುಗನ್ನಡಿ, ಗಿರಾಕಿಗಳು ಕೂರುವ ಬೆಂಚು. ಪರದೆಯ ಹಿಂದೆ ಬಟ್ಟೆ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಇಸ್ತ್ರಿ ಪೆಟ್ಟಿಗೆ, ನೆಲದ ತುಂಬ ದಾರದ ಚೂರು. ಎಷ್ಟು ಗುಡಿಸಿದರೂ ರಾತ್ರಿ ಹಾಸಿಗೆಯ ಮೇಲೆ ಎರಡು ಎಳೆ ಬಣ್ಣದ ದಾರ ಸಿಕ್ಕೇ ಸಿಗುತ್ತದೆ. ಬಸ್ಸು ಓಡಿಸುವ ನನ್ನ ಗಂಡನ ಸಮವಸ್ತ್ರದ ಮೇಲೂ ಅಂಟಿಕೊಂಡು ಅದು ಊರೆಲ್ಲ ಸುತ್ತಿ ಬರುತ್ತದೆ.

ಬೀದಿಯವರು ಅತ್ತೆಯನ್ನು ಟೇಪಮ್ಮ ಎಂದು ಕರೆಯುತ್ತಾರೆ. ಕೆಲಸದ ಹೊತ್ತು ಬಿಟ್ಟರೆ ಅಳತೆಯ ಟೇಪು ಅವರ ಕೊರಳಿನಿಂದ ಇಳಿದದ್ದನ್ನು ಯಾರೂ ಕಂಡವರಿಲ್ಲ. ತರಕಾರಿ ತರಲು ಹೋದಾಗಲೂ ಅದು ಕೊರಳಲ್ಲೇ, ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ಕೊರಳಲ್ಲೇ. ಅಂಗಡಿ ತೆರೆದ ದಿನ ಕೊಂಡ ಟೇಪು ಅದು. ಅಂಕಿಗಳು ಅರ್ಧಕ್ಕರ್ಧ ಅಳಿಸಿಹೋಗಿದ್ದವು, ಆದರೆ ಅತ್ತೆಗೆ ಅಂಕಿ ಬೇಕಾಗಿರಲಿಲ್ಲ, ಹೆಬ್ಬೆರಳಿಗೇ ಎಲ್ಲ ತಿಳಿಯುತ್ತಿತ್ತು. ಗಿರಾಕಿಯ ಬೆನ್ನಿಗೆ ಟೇಪು ಸುತ್ತುತ್ತಲೇ ಅವರ ಮಗಳ ಪರೀಕ್ಷೆ, ಮೈದುನನ ಜಗಳ, ಮಂಡಿನೋವು ಎಲ್ಲವನ್ನೂ ವಿಚಾರಿಸಿಕೊಂಡು, ನಡುನಡುವೆ ಅಳತೆಯನ್ನು ಪರದೆಯ ಹಿಂದಕ್ಕೆ ಕೂಗಿ ಹೇಳುತ್ತಿದ್ದರು. ಮೇಜಿನ ಹತ್ತಿರ ಇದ್ದವರು ಅದನ್ನು ಕೇಳಿಸಿಕೊಂಡು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಬೇಕು. ಇದು ನಮ್ಮ ಅಂಗಡಿಯ ಪದ್ಧತಿ.

ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಅತ್ತೆ ತಮ್ಮ ಯಂತ್ರದ ಮುಂದೆ ನಿಂತು, ಕಣ್ಣು ಮುಚ್ಚಿ, ಪಕ್ಕದ ಮನೆಯವರಿಗೂ ಕೇಳುವ ಹಾಗೆ ಪ್ರಾರ್ಥನೆ ಮಾಡುತ್ತಿದ್ದರು. ದಿನಾ ಅದೇ ಪ್ರಾರ್ಥನೆ.

"ದೇವರೇ, ನೀನು ನಿನ್ನೆ ಇದ್ದ ಹಾಗೇ ಇವತ್ತೂ ಇದ್ದೀಯ. ನಾನೂ ಹಾಗೇ ಇದ್ದೀನಿ. ಬಾ, ಕೆಲಸ ಶುರು ಮಾಡೋಣ."

ಅಂಗಡಿಯಲ್ಲಿ ಅರ್ಧ ಪಾಲು ಇರುವವನ ಜೊತೆ ಮಾತಾಡಿದ ಹಾಗೆ ಇರುತ್ತಿತ್ತು. ಮೊದಮೊದಲು ನಾನು ಪರದೆಯ ಹಿಂದೆ ನಿಂತು ನಗು ತಡೆದುಕೊಳ್ಳುತ್ತಿದ್ದೆ. ಆದರೆ ಒಂದು ಮಾತು ಹೇಳಲೇಬೇಕು, ಅತ್ತೆಯ ಭಕ್ತಿ ಬರೀ ಬಾಯಿಮಾತಿನದಲ್ಲ. ಗಿರಾಕಿ ಕೊಟ್ಟ ಬಟ್ಟೆಯಲ್ಲಿ ಬೆರಳಗಲದ ಚೂರು ಉಳಿದರೂ ಅದನ್ನು ಮಡಚಿ ಹೊಲಿದ ಬಟ್ಟೆಯ ಜೇಬಿನೊಳಗೆ ಇಟ್ಟು ವಾಪಸ್ಸು ಕೊಡುತ್ತಿದ್ದರು. ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಹೇಳಿದ ದಿನಕ್ಕೆ ಬಟ್ಟೆ ಕೊಟ್ಟಿದ್ದರು. "ಅವನು ಕೊಟ್ಟ ಮಾತು ತಪ್ಪೋನಲ್ಲ. ನಾನು ತಪ್ಪಿದ್ರೆ ಅವನ ಹೆಸರು ಹೇಳೋಕೆ ನನಗೆ ಬಾಯಿ ಯಾಕೆ ಬೇಕು?" ಎನ್ನುತ್ತಿದ್ದರು. ಇಂಥವರನ್ನು ಗೌರವಿಸುವುದು ಸುಲಭ. ಇವರ ಜೊತೆ ಒಂದೇ ಸೂರಿನಡಿ ಬಾಳುವುದು ಅಷ್ಟು ಸುಲಭವಲ್ಲ.

ಮಾವನ ಕಣ್ಣು ಮಂಜಾಗುವವರೆಗೂ ಕತ್ತರಿ ಅವರ ಕೈಯಲ್ಲೇ ಇತ್ತು. ಆಗೆಲ್ಲ ಮನೆಗೆ ಒಂದೇ ಟೇಪು. ಅತ್ತೆ ಅಳತೆ ತೆಗೆದು ಟೇಪನ್ನು ಪರದೆಯ ಮೇಲಿನಿಂದ ಎಸೆಯುವುದು, ಮಾವ ಅದರಲ್ಲೇ ಬಟ್ಟೆ ಅಳೆದು ಗುರುತು ಹಾಕಿ ವಾಪಸ್ಸು ಎಸೆಯುವುದು. ಆಮೇಲೆ ಕತ್ತರಿ ನನಗೆ ಬಂತು. ಬಟ್ಟೆ ಕತ್ತರಿಸುವುದೆಂದರೆ ನನಗೆ ಪ್ರಾಣ. ನಾನು ಹೊಲಿಗೆ ತರಗತಿಗೆ ಹೋಗಿ ಕಲಿತವಳು, ಮೇಜಿನ ಅಂಚಿಗೆ ಜಡಿದಿದ್ದ ಕಬ್ಬಿಣದ ಅಳತೆಪಟ್ಟಿಯಲ್ಲೇ ಬಟ್ಟೆ ಅಳೆಯುವುದು ನನ್ನ ಅಭ್ಯಾಸ. ಪರದೆಯ ಮೇಲಿನಿಂದ ಟೇಪು ಹಾರುವುದು ಅಲ್ಲಿಗೆ ನಿಂತಿತು. ಅದರಲ್ಲೇನಾದರೂ ಎಡವಟ್ಟಾಗಬಹುದು ಎಂದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಸಡಿಲವಾದ ಬಟ್ಟೆಗಳಲ್ಲಿ ಏನೂ ಗೊತ್ತಾಗಲಿಲ್ಲ. ಮೊದಲು ಬಿಗಿಯಾದದ್ದು ಬೇಕರಿಯವರ ಕೋಟು. ಅವರು ಕನ್ನಡಿಯ ಮುಂದೆ ನಿಂತು ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದಾಗ ಅತ್ತೆ ಅವರ ಹೊಟ್ಟೆಯನ್ನೇ ನೋಡುತ್ತ ಹೇಳಿದರು:

"ನೀವು ಮಾಡಿದ್ದನ್ನ ನೀವೇ ತಿನ್ನೋದು ಸ್ವಲ್ಪ ಕಡಿಮೆ ಮಾಡಿ."

"ಅಳತೆ ಕೊಟ್ಟು ಎರಡು ವಾರ ಆಗಿದೆ ಅಷ್ಟೇ, ಟೇಪಮ್ಮ."

"ಎರಡು ವಾರದಲ್ಲಿ ಮನುಷ್ಯ ಏನು ಬೇಕಾದ್ರೂ ಆಗಬಹುದು. ಬದಲಾಗದೇ ಇರೋನು ದೇವರೊಬ್ಬನೇ."

ಪಾಪ, ಬೇಕರಿಯವರು ಅಂದಿನಿಂದ ರಾತ್ರಿ ಊಟ ಬಿಟ್ಟರು. ಆಮೇಲೆ ಟೀಚರಮ್ಮನ ಗೌನು ಬಿಗಿಯಾಯಿತು, ಅವರಿಗೂ ಅದೇ ಉಪದೇಶ ಸಿಕ್ಕಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಅತ್ತೆ ಊರಿನವರ ಹೊಟ್ಟೆಯೇ ಡೊಂಕು ಎಂದರು. ನಾನು ಒಳಗಿಂದೊಳಗೆ ಹೆದರಿಕೊಂಡು ಕತ್ತರಿಸಿದ್ದನ್ನೆಲ್ಲ ಮತ್ತೆ ಕಬ್ಬಿಣದ ಪಟ್ಟಿಗೆ ಹಿಡಿದು ನೋಡುತ್ತಿದ್ದೆ. ಅತ್ತೆ ಕೂಗಿ ಹೇಳಿದ ಅಳತೆಗೂ ಅದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರುತ್ತಿರಲಿಲ್ಲ.

ಇಷ್ಟರಲ್ಲಿ ನಮ್ಮ ಪ್ರಾರ್ಥನೆ ಮನೆಗೆ ಹೊಸ ಛಾವಣಿ ಹಾಕಿಸಿದರು. ಅದರ ಕೆಳಗೆ ಮೊದಲ ಬಾರಿ ಸೇರುವ ದಿನಕ್ಕಾಗಿ ಹಾಡುವ ಗುಂಪಿನವರಿಗೆಲ್ಲ ಒಂದೇ ಬಣ್ಣದ ನಿಲುವಂಗಿ ಹೊಲಿಯುವ ಕೆಲಸ ನಮಗೇ ಬಂತು. ಅತ್ತೆಯ ಪಾಲಿಗೆ ಅದು ಗಿರಾಕಿಯ ಕೆಲಸವಲ್ಲ, ದೇವರ ಕೆಲಸ. ಒಬ್ಬೊಬ್ಬರನ್ನೂ ನಿಲ್ಲಿಸಿ ಅಳತೆ ತೆಗೆದರು. ನಾನು ಕತ್ತರಿಸಿದೆ, ಇಬ್ಬರೂ ಕೂತು ಹೊಲಿದೆವು. ಹೊಲಿಗೆ ಮುಗಿದದ್ದು ಆ ದಿನ ಬೆಳಿಗ್ಗೆ, ಹಾಕಿ ನೋಡಲು ಯಾರಿಗೂ ಪುರಸೊತ್ತಾಗಲಿಲ್ಲ.

ಹಾಡಿನ ಮೇಷ್ಟ್ರು ಕೈ ಎತ್ತಿದರು. ಎಂದಿಗೂ ಬದಲಾಗದ ದೇವರನ್ನು ಹೊಗಳುವ ಹಾಡು. ಶುರುವಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಉದ್ದನೆಯ ಸ್ವರ ಬಂದಾಗ ಗುಂಪಿನವರೆಲ್ಲ ಎದೆ ತುಂಬ ಉಸಿರು ಎಳೆದುಕೊಂಡರು. ಮೊದಲು ಬೇಕರಿಯವರ ಗುಂಡಿ ಹಾರಿತು, ಮುಂದಿನ ಸಾಲಿನಲ್ಲಿ ಕೂತಿದ್ದ, ಪ್ರಾರ್ಥನೆ ನಡೆಸುವ ಹಿರಿಯರ ಮಂಡಿಗೆ ಬಡಿಯಿತು. ಆಮೇಲೆ ಅಲ್ಲೊಂದು ಇಲ್ಲೊಂದು ಹಾರತೊಡಗಿದವು. ಟೀಚರಮ್ಮನ ಕಂಕುಳ ಹೊಲಿಗೆ ಪರ್‍ರೆಂದು ಬಿಟ್ಟುಕೊಂಡಿತು. ಎಲ್ಲಕ್ಕಿಂತ ಕೊನೆಗೆ, ಊರವರು ಕಡ್ಡಿ ಎಂದು ಕರೆಯುವ, ಪುಸ್ತಕ ಬೈಂಡಿಂಗ್ ಮಾಡುವವರ ಗುಂಡಿಯೂ ಹೋಯಿತು. ಗಾಳಿ ಬೀಸಿದರೆ ಕಂಬ ಹಿಡಿದುಕೊಳ್ಳುವಂಥ ಮನುಷ್ಯ ಅವರು, ಅದಕ್ಕೇ ಆ ಹೆಸರು. ಕಡ್ಡಿಗೂ ದಪ್ಪಗಾಗಿದ್ದೀರಿ ಎನ್ನಲು ಅತ್ತೆಗೂ ಸಾಧ್ಯವಿರಲಿಲ್ಲ.

ಜನ ನಕ್ಕರು, ಹಾಡುವವರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟರು:

"ಅಳತೆ ತೆಗೆದಿದ್ದು ನಾನು, ಅದು ಸರಿಯಾಗಿದೆ. ಕತ್ತರಿಸಿದ್ದು ಸೊಸೆ. ಇನ್ನೂ ಹೊಸಬಳು, ಕ್ಷಮಿಸಿ."

ಎಲ್ಲರ ಕಣ್ಣೂ ನನ್ನ ಮೇಲೆ. ಹೊಸಬಳಂತೆ! ಈ ಮನೆಗೆ ಬಂದಾಗ ನನಗಿದ್ದ ಉದ್ದನೆಯ ಕೂದಲು ಉದುರಿ ಅರ್ಧಕ್ಕೆ ಬಂದಿದೆ. ಅತ್ತೆ ಒಡೆದದ್ದು ಹಳೆ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಎಂಬ ಗಾದೆ ಕಟ್ಟಿದವಳು ಯಾರೋ, ಅವಳು ಸಿಕ್ಕಿದ್ದರೆ ಅಂದು ತಬ್ಬಿಕೊಂಡು ಅಳುತ್ತಿದ್ದೆ.

ಮನೆಗೆ ಬಂದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಅತ್ತೆ ಬೂಟು ಬಿಚ್ಚುತ್ತಲೇ ಹೇಳಿದರು: "ಪೇಟೆಯ ಆ ತುದೀಲಿ ಒಬ್ಬ ಕಟಿಂಗ್ ಮಾಸ್ಟರ್ ಇದ್ದಾನೆ. ಹೇಳಿ ಕಳಿಸ್ತೀನಿ. ಮುಂದಿನ ವಾರದಿಂದ ಅವನು ಬರಲಿ."

"ಹಾಗಾದ್ರೆ ನಾನು?" ಎಂದೆ.

"ನೀನು ಗುಂಡಿ ಹಚ್ಚು. ತುಂಬ ಗುಂಡಿ ಇದೆ ಹಚ್ಚೋಕೆ."

ಮಾವ ಮೆಲ್ಲಗೆ, "ಅಳತೇನ ಇನ್ನೊಂದ್ಸಲ ತೆಗೆದು ನೋಡೋದಲ್ವಾ?" ಎಂದರು.

"ನನ್ನ ಅಳತೆ ಯಾವತ್ತಾದ್ರೂ ತಪ್ಪಿದೆಯಾ, ಹೇಳ್ರೀ. ತೋಳು ಕತ್ತರಿಸಿದ್ದು ಯಾರು ಅಂತ ಜ್ಞಾಪಿಸ್ಲಾ?"

ಮಾವ ಪರದೆಯ ಹಿಂದಕ್ಕೆ ನಡೆದರು. ನನ್ನ ಗಂಡ ಬಸ್ಸಿಗೆ ಹೊತ್ತಾಯಿತು ಎಂದು ಹೊರಟ. ರಜೆಯ ದಿನ ಎಂಬುದೂ ಅವನಿಗೆ ನೆನಪಾಗಲಿಲ್ಲ. ನಾನು ಮೇಲೆ ಹೋಗಿ ಮುಖ ಊದಿಸಿಕೊಂಡು ಕೂತೆ. ಮೇಜು ಕೈತಪ್ಪಿದರೆ ನನಗೆ ಆ ಅಂಗಡಿಯಲ್ಲಿ ಉಳಿಯುವುದಾದರೂ ಏನು ಎಂದು ನಿಜವಾಗಿಯೂ ದುಃಖವಾಗಿತ್ತು.

ಮರುದಿನ ಮಧ್ಯಾಹ್ನ ಅತ್ತೆ ಒಬ್ಬರೇ ಅಂಗಡಿಯಲ್ಲಿದ್ದರು. ಅಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದ್ದರಿಂದ ನನಗೆ ಗೊತ್ತು. ನಾನು ಎಲ್ಲಿ ತಪ್ಪಿದ್ದೇನೆಂದು ಹಿಡಿಯಬೇಕೆಂದು, ಗುಂಡಿ ಹಚ್ಚಲು ಬಂದಿದ್ದ ಕಡ್ಡಿಯವರ ನಿಲುವಂಗಿಯನ್ನು ಮೇಜಿನ ಮೇಲೆ ಹರಡಿದರು. ತಮ್ಮ ಟೇಪು ಹಿಡಿದರು, ಎದೆಯ ಅಳತೆ ಕಡಿಮೆ ಬಂತು. ನೋಡಿದೆಯಾ ಎಂದುಕೊಂಡರು. ಅದನ್ನೇ ಕಬ್ಬಿಣದ ಪಟ್ಟಿಗೆ ಹಿಡಿದರು, ತಾವು ಹೇಳಿದ್ದ ಅಳತೆಯೇ ಸರಿಯಾಗಿ ಬಂತು. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದು ಗೊತ್ತಾಯಿತು. ಮೊದಲು ಅನುಮಾನ ಬಂದದ್ದು ಕಬ್ಬಿಣದ ಮೇಲೆ. ಎದುರಿನ ಬಟ್ಟೆ ಅಂಗಡಿಗೆ ಹೋಗಿ ಅವರ ಅಳತೆಗೋಲಿಗೆ ಟೇಪು ಹಿಡಿದರು. ಅದೂ ಕಬ್ಬಿಣದ ಪಕ್ಷವನ್ನೇ ಸೇರಿತು.

ಎಳೆದೆಳೆದು ಟೇಪು ಹಿಗ್ಗಿಬಿಟ್ಟಿತ್ತು. ಹಿಗ್ಗಿದ ಟೇಪಿನಲ್ಲಿ ಮನುಷ್ಯರನ್ನು ಅಳೆದರೆ ಇರುವುದಕ್ಕಿಂತ ಸಣ್ಣಗೆ ಕಾಣುತ್ತಾರೆ. ಮಾವ ಅದೇ ಟೇಪಿನಲ್ಲಿ ಬಟ್ಟೆಯನ್ನೂ ಅಳೆಯುತ್ತಿದ್ದುದರಿಂದ ಅಲ್ಲಿ ಕಳೆದದ್ದು ಇಲ್ಲಿ ಕೂಡಿಕೊಂಡು ಎಲ್ಲರಿಗೂ ಬಟ್ಟೆ ಸರಿಹೋಗುತ್ತಿತ್ತು. ನಾನು ಕಬ್ಬಿಣದಲ್ಲಿ ಅಳೆಯತೊಡಗಿದ ಮೇಲೆ ಟೇಪಿನ ಸುಳ್ಳು ಹೊರಬಿತ್ತು, ಅದೂ ಗುಂಡಿ ಗುಂಡಿಯಾಗಿ.

ಅತ್ತೆ ಅದೇ ಅಂಗಡಿಯಲ್ಲಿ ಅದೇ ಬಣ್ಣದ ಹೊಸ ಟೇಪು ಕೊಂಡು ಕೊರಳಿಗೆ ಹಾಕಿಕೊಂಡರು, ಹಳೆಯದನ್ನು ಕೈಚೀಲಕ್ಕೆ ತುರುಕಿದರು. ಮನೆಗೆ ಬಂದು ಕನ್ನಡಿ ನೋಡಿಕೊಂಡರು, ಅದೇ ಟೇಪಮ್ಮ. ಯಾರಿಗೂ ಏನೂ ಗೊತ್ತಾಗುವ ಹಾಗಿರಲಿಲ್ಲ. ಮೆಟ್ಟಿಲು ಹತ್ತಿ ಬಂದು ನನ್ನ ಮುಂದೆ ನಿಂತರು.

"ಆ ಕಟಿಂಗ್ ಮಾಸ್ಟರ್ ಬೇಡ ಬಿಡು. ನಿನಗೇ ಇನ್ನೊಂದು ಅವಕಾಶ ಕೊಡ್ತೀನಿ."

ನನಗೆ ಕಣ್ಣಲ್ಲಿ ನೀರೇ ಬಂತು. "ತುಂಬ ಉಪಕಾರ ಆಯ್ತು ಅತ್ತೆ" ಎಂದೆ. ಇಂದಿಗೂ ಅದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ನಾನು ಕೆಳಗೆ ಸೀಮೆಸುಣ್ಣ ಹುಡುಕುತ್ತಿದ್ದೆ. ಅತ್ತೆ ಎಂದಿನಂತೆ ಯಂತ್ರದ ಮುಂದೆ ನಿಂತರು. "ದೇವರೇ, ನೀನು ನಿನ್ನೆ ಇದ್ದ ಹಾಗೇ ಇವತ್ತೂ ಇದ್ದೀಯ" ಎಂದರು. ಅಲ್ಲಿಗೇ ನಿಂತಿತು. ಮುಂದಿನ ಮಾತಿಗೆ ಕಾದೆ, ಬರಲಿಲ್ಲ. ಗಂಟಲು ಕಟ್ಟಿರಬೇಕೆಂದು ಬಿಸಿನೀರು ತಂದುಕೊಟ್ಟೆ. ಕುಡಿದರು, ಆದರೂ ಮಾತು ಬರಲಿಲ್ಲ. ಆ ವಾರವೆಲ್ಲ ಹೀಗೇ ನಡೆಯಿತು. ಗಿರಾಕಿಗಳ ಮೈದುನಂದಿರ ಸುದ್ದಿಯನ್ನೂ ಕೇಳಲಿಲ್ಲ. ಮಾವ ಗಾಬರಿಯಾಗಿ ಡಾಕ್ಟರ ಹತ್ತಿರ ಹೋಗೋಣ ಎಂದರು. ಯಾರು ಬಂದರೂ ಎರಡೆರಡು ಸಲ ಅಳತೆ ತೆಗೆಯುತ್ತಿದ್ದರು. ನಾನು ಕತ್ತರಿಸಿದ್ದೆಲ್ಲ ಎಲ್ಲರಿಗೂ ಸರಿಯಾಗಿ ಕೂರತೊಡಗಿತು. "ಅಂತೂ ಸೊಸೆ ಕಲಿತಳು" ಎಂದು ಬಟ್ಟೆ ಅಂಗಡಿಯವರು ಹೊಗಳಿದಾಗ ಅತ್ತೆ ಎದ್ದು ಮೇಲೆ ಹೋಗಿಬಿಟ್ಟರು.

ವಾರದ ಪ್ರಾರ್ಥನೆ ಮುಗಿಯುವಾಗ ಹಿರಿಯರು ಎಂದಿನ ಹಾಗೆ, "ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದು ಕೇಳಿದರು. ಸಾಮಾನ್ಯವಾಗಿ ಯಾರಿಗೂ ಇರುವುದಿಲ್ಲ, ಎಲ್ಲರಿಗೂ ಹಸಿವಾಗಿರುತ್ತದೆ. ಅತ್ತೆ ಎದ್ದರು. ಕೈಚೀಲದಿಂದ ಹಳೆಯ ಟೇಪು ತೆಗೆದರು, ಕೊರಳಿನಿಂದ ಹೊಸದನ್ನು ಬಿಚ್ಚಿದರು. ಎರಡರ ತುದಿಯನ್ನೂ ಕಡ್ಡಿಯವರ ಕೈಗೆ ಕೊಟ್ಟು, ಸಾಲುಗಳ ನಡುವೆ ಹಿಂದಕ್ಕೆ ನಡೆದು ಎಳೆದು ಹಿಡಿದರು. ಹಳೆಯದು ನಾಲ್ಕು ಬೆರಳು ಮುಂದಕ್ಕೆ ಚಾಚಿಕೊಂಡು ನೇತಾಡಿತು.

"ನೋಡಿ, ಇದರಲ್ಲಿ ನಿಮ್ಮನ್ನೆಲ್ಲ ಅಳೆದೆ. ಸೊಸೆ ಕತ್ತರಿಸಿದ್ದು ಸರಿಯಾಗಿತ್ತು. ಅಳತೆ ತಪ್ಪಿದ್ದು ನಂದು. ಹೋದ ವಾರ ಇಲ್ಲೇ ನಿಂತು ಅವಳ ಮೇಲೆ ಹಾಕಿದೆ, ಅದಕ್ಕೆ ಇಲ್ಲೇ ನಿಂತು ವಾಪಸ್ಸು ತಗೋತಿದ್ದೀನಿ. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ಸಾಲದ್ದಕ್ಕೆ ಅವಳಿಗೆ ಅವಕಾಶ ಕೊಡ್ತೀನಿ ಅಂತ ದೊಡ್ಡಸ್ತಿಕೆ ಬೇರೆ ಮಾಡಿದೆ. ಅವಳು ಉಪಕಾರ ಆಯ್ತು ಅಂದಳು."

ಎರಡೂ ಟೇಪನ್ನು ಸುತ್ತಿಕೊಳ್ಳುತ್ತ ಮುಂದಕ್ಕೆ ಬಂದರು.

"ದಿನಾ ಬೆಳಿಗ್ಗೆ ದೇವರಿಗೆ ಹೇಳ್ತಿದ್ದೆ, ನೀನೂ ಬದಲಾಗಿಲ್ಲ, ನಾನೂ ಬದಲಾಗಿಲ್ಲ ಅಂತ. ನನ್ನ ಟೇಪಲ್ಲಿ ನನ್ನನ್ನೇ ಅಳೆದುಕೊಂಡು ಹೇಳ್ತಿದ್ದೆ. ಬದಲಾಗದೇ ಇರೋನು ಅವನೊಬ್ಬನೇ. ನಾವು ದಿನಾ ನಮ್ಮನ್ನ ಅವನ ಹತ್ತಿರ ಇಟ್ಟು ಅಳೆದು ನೋಡ್ಕೋಬೇಕು. ಅಷ್ಟೇ, ಇನ್ನೇನಿಲ್ಲ. ನಿಲುವಂಗಿ ಎಲ್ಲ ತಂದು ಕೊಡಿ. ಒಳಗೆ ಬಟ್ಟೆ ಬಿಟ್ಟೇ ಹೊಲಿದಿದ್ದೀವಿ, ಬಿಚ್ಚಿ ಸಡಿಲ ಮಾಡಿಕೊಡ್ತೀವಿ."

ಬೇಕರಿಯವರು ಎದ್ದು ಕೇಳಿದರು:

"ಟೇಪಮ್ಮ, ಹಾಗಾದ್ರೆ ನಾನು ರಾತ್ರಿ ಊಟ ಬಿಟ್ಟಿದ್ದು?"

"ಅದು ಒಳ್ಳೇದೇ ಆಯ್ತು" ಎಂದರು ಅತ್ತೆ. "ಮುಂದುವರಿಸಿ."

ಆಮೇಲೆ ಎದ್ದ ನಗುವಿಗೆ ಹೊಸ ಛಾವಣಿ ಹಾರಿಹೋಗದಿದ್ದುದೇ ಹೆಚ್ಚು. ಹಿರಿಯರು ಕಣ್ಣು ಒರೆಸಿಕೊಂಡು ನಕ್ಕರು. ಅತ್ತೆಯೂ ನಕ್ಕರು, ಇಡೀ ವಾರದಲ್ಲಿ ಮೊದಲ ಬಾರಿ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಒಂದು ವಾರ ಇವರು ನನ್ನನ್ನು ಹೀಗೆ ಆಡಿಸಿದರಲ್ಲ!

ಮನೆಗೆ ಬಂದು, ಊಟ ಮುಗಿಸಿ, ನಾನು ಅಂಗಡಿಗೆ ಇಳಿದು, ಗುಂಪಿನವರು ಅಲ್ಲೇ ಕಳಚಿ ಕೊಟ್ಟಿದ್ದ ನಿಲುವಂಗಿಗಳ ಹೊಲಿಗೆ ಬಿಚ್ಚತೊಡಗಿದೆ. ಅತ್ತೆ ಬಂದು ಎದುರಿಗೆ ಕೂತು ಇನ್ನೊಂದನ್ನು ಎತ್ತಿಕೊಂಡರು. ನಾನೇ ಕೇಳಿದೆ.

"ಹೊಸ ಟೇಪು ಹಾಕ್ಕೊಂಡು ಸುಮ್ಮನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅತ್ತೆ. ನನಗೂ ಗೊತ್ತಾಗ್ತಿರಲಿಲ್ಲ. ಯಾಕೆ ಹೇಳಿದಿರಿ?"

"ಬೆಳಿಗ್ಗೆ ಎದ್ದು ಮಾತಾಡಿಸ್ತೀನಲ್ಲ, ಅವನಿಗೆ ಗೊತ್ತಿತ್ತು. ಹೋಗಲಿ ಬಿಡು ಅಂತಾನೇನೋ ಅಂತ ದಿನಾ ಕಾದೆ. ನಿನ್ನೆ ಸುಳ್ಳು ಅಂದಿದ್ದನ್ನ ಇವತ್ತು ಪರವಾಗಿಲ್ಲ ಅನ್ನೋನಲ್ಲ ಅವನು. ಸತ್ಯ ಹೇಳು ಅಂದ ಮೇಲೆ ಹೇಳಲೇಬೇಕು. ಅವನ ಜೊತೆ ಇರೋದು ಅಂದ್ರೆ ಇದೇ ಕಷ್ಟ, ನೋಡು." ಒಂದು ಹೊಲಿಗೆ ಬಿಚ್ಚಿ ಮುಗಿಸಿದರು. "ಇದೇ ಸುಖ ಕೂಡ. ಮೊದಲಿಂದಲೂ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳೋನು ಅವನು. ಇವತ್ತು ನನ್ನ ಸರದಿ ಬಂದಾಗ ಬದಲಾಗಲ್ಲ."

ಅತ್ತೆ ಕತ್ತರಿ ಕೆಳಗಿಟ್ಟು, ನನ್ನ ಮುಖವನ್ನೇ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದೇ ಇರಲಿಲ್ಲ.

"ಅವನ ವಿಷಯ ನನಗೆ ಗೊತ್ತು. ನಿನ್ನ ವಿಷಯ ಗೊತ್ತಿಲ್ಲ. ಅದಕ್ಕೆ ಕೇಳ್ತಿದ್ದೀನಿ. ನೀನು ಹೊಟ್ಟೆಗೆ ಹಾಕ್ಕೋತೀಯಾ?"

ಸತ್ಯ ಹೇಳಿದವರಿಗೆ ಸುಳ್ಳು ಹೇಳುವುದು ಹೇಗೆ? "ನನಗಿನ್ನೂ ಸಿಟ್ಟಿದೆ ಅತ್ತೆ" ಎಂದೆ. "ಸಂಜೆವರೆಗೂ ಇರುತ್ತೆ ಅನ್ಸುತ್ತೆ."

"ಸರಿ. ಸಂಜೆ ಬಂದು ಕೇಳ್ತೀನಿ" ಎಂದು ಅತ್ತೆ ಇನ್ನೊಂದು ನಿಲುವಂಗಿ ಎತ್ತಿಕೊಂಡರು.

ಸಂಜೆ ದೀಪ ಹಾಕುವ ಹೊತ್ತಿಗೆ ನಿಜವಾಗಿಯೂ ಬಂದು ಕೇಳಿದರು. ಸಿಟ್ಟು ಇರಲಿಲ್ಲ.